ಎಳೆಯ ಶಿಶುವಿನ ಮೇಲಾಹಾರ

ಮನುಷ್ಯನ ಆಯುಷ್ಯದಲ್ಲಿ ಮೊದಲನೆಯ ವರ್ಷದಷ್ಟು ಶೀಘ್ರವಾದ ಬೆಳವಣಿಗೆ ಮತ್ತೆಂದೂ ಆಗುವುದಿಲ್ಲ. ಹುಟ್ಟಿದಾಗ 3 ಕಿಲೋಗ್ರಾಂ ತೂಗುವ ಕೂಸು ಐದಾರು ತಿಂಗಳಲ್ಲಿ ಅದರ ಎರಡರಷ್ಟನ್ನೂ, ವರ್ಷ ತುಂಬುವಾಗ ಸುಮಾರು ಮೂರರಷ್ಟನ್ನೂ ತೂಗುವುದು. 50 ಸೆಂಟಿಮೀಟರ್ ಉದ್ದವಿದ್ದ ಶರೀರವು 75 ಸೆಂಟಿಮೀಟರಿನಷ್ಟಾಗುವುದು. ಮೆದುಳು ಅದೇ ಒಂದು ವರ್ಷದೊಳಗೆ ಸುಮಾರು ಇಮ್ಮಡಿಯಾಗುವುದು. ಇಂಥ ಕಟ್ಟಡಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಆಹಾರದಿಂದಲೇ ಒದಗತಕ್ಕದ್ದು. ಮೊದಲ ಆರು ತಿಂಗಳು ಈ ಕೆಲಸವನ್ನು ತಾಯಿಯ ಹಾಲು ಒಂದೇ ಮಾಡಬಲ್ಲದು. ಆ ಅವಧಿಯಲ್ಲಿ ಕೂಸಿಗೆ ನೀರನ್ನು ಸಹ ಬೇರೆಯಾಗಿ ಕುಡಿಸಬೇಕಾಗಿಲ್ಲ. ಆದರೆ ಆರು ತಿಂಗಳು ತುಂಬಿದ ಮೇಲೆ ಹಾಲೊಂದೇ ಸಾಲದು. ಹಾಲಿನಿಂದ ಅನ್ನಕ್ಕೆ ದಾಟುವ ಈ ಕಾಲದಲ್ಲಿಯೇ ನಮ್ಮ ನಾಡಿನ ಬಹುಮಂದಿ ಮಕ್ಕಳು ಸೊರಗುವರು. ಆದುದರಿಂದ ಈ ವಿಷಯವನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆಯೂ, ಈಗಾಗಲೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಸ್ವಲ್ಪ ವಿವರವಾಗಿ ಇಡಬೇಕೆಂದು ಬಯಸುತ್ತೇವೆ.

ಇದು ತಾಯಂದಿರ ಮಾತು, ಹುಡುಗಿಯರಿಗೆ ಏಕೆಂದು ಯಾರಾದರೂ ಕೇಳಬಹುದು. ನಮ್ಮ ತರಗತಿಗಳಲ್ಲಿ ಕುಳಿತಿರುವ ಹುಡುಗಿಯರಲ್ಲಿ ಅನೇಕರು ಶಾಲೆ ಬಿಟ್ಟು ಮನೆಗೆ ಹೋದೊಡನೆ ಎಳೆಯ ತಮ್ಮನಿಗೋ ತಂಗಿಗೋ ಉಣ್ಣಿಸುವವರು. ತಾಯಿಯು ಕಾರ್ಖಾನೆಯಿಂದ ಬರುವುದು ಕತ್ತಲಾದ ಮೇಲೆ. ಹೀಗೆ ಹದಿನಾಲ್ಕು ವರ್ಷದ ಅಕ್ಕನ ಕೈಯ ಚಮಚೆಯಲ್ಲಿ ಒಂದು ಮಗುವಿನ ಆರೋಗ್ಯವು ಇರುವಾಗ, ಆ ಚಮಚೆಯಲ್ಲಿ ಏನಿರಬೇಕೆಂಬುದನ್ನು ಅವಳಿಗೆ ಕಲಿಸದೆ ಇರುವುದು ನ್ಯಾಯವಲ್ಲ.

ನಮ್ಮ ಸುತ್ತಲಿನ ಊರು

ಎಲೆಕ್ಟ್ರಾನಿಕ್ ಸಿಟಿ ಎಂಬ ಹೆಸರು ಹುಟ್ಟಿ ಇನ್ನೂ ಐವತ್ತು ವರ್ಷಗಳಾಗಿಲ್ಲ. ಹೊಸೂರು ರಸ್ತೆಯ ಪಕ್ಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ 332 ಎಕರೆ ನೆಲದಲ್ಲಿ 1978ನೆಯ ಇಸವಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಇದನ್ನು ಏರ್ಪಡಿಸಿತು. ಅದಕ್ಕೆ ಮುಂಚೆ ಈ ಸೀಮೆಯೆಲ್ಲ ರಾಗಿ, ಅವರೆ, ಹುರುಳಿ ಬೆಳೆಯುವ ಹೊಲಗಳು. 2010ರಲ್ಲಿ ಮೇಲುರಸ್ತೆ ಬಂದಿತು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಓಡಲಾರಂಭಿಸಿತು. ಹೊಲಗಳು ಹೋದವು, ಆದರೆ ಆನೇಕಲ್ಲಿನ ಕಡೆಗೆ ಸ್ವಲ್ಪ ದೂರ ನಡೆದರೆ ಇಂದಿಗೂ ರಾಗಿಯ ತೆನೆ ಕಾಣುವುದು.

ಈ ಊರಿನಲ್ಲಿ ಮೂರು ಬಗೆಯ ತಾಯಂದಿರಿದ್ದಾರೆ. ಗಣಕಯಂತ್ರದ ಕಚೇರಿಗಳಲ್ಲಿ ಹಗಲಿರುಳು ದುಡಿಯುವವರು ಮೊದಲನೆಯವರು. ಬೊಮ್ಮಸಂದ್ರ, ಜಿಗಣಿ ಮುಂತಾದ ಕಡೆಗಳ ಕಾರ್ಖಾನೆಗಳಿಗೂ ಉಡುಪಿನ ಮಿಲ್ಲುಗಳಿಗೂ ಹೋಗುವವರು ಎರಡನೆಯವರು. ಈ ಎತ್ತರದ ಕಟ್ಟಡಗಳನ್ನೇ ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದಲೂ ಬೇರೆ ರಾಜ್ಯಗಳಿಂದಲೂ ಬಂದು ತಗಡಿನ ಶೆಡ್ಡುಗಳಲ್ಲಿ ಬಿಡಾರ ಮಾಡಿರುವವರು ಮೂರನೆಯವರು. ಒಬ್ಬಳಿಗೆ ಹಣವುಂಟು, ಸಮಯವಿಲ್ಲ; ಒಬ್ಬಳಿಗೆ ಎರಡೂ ಕಡಮೆ; ಮತ್ತೊಬ್ಬಳಿಗೆ ಒಲೆಯೂ ಶುದ್ಧವಾದ ನೀರೂ ಸಹ ದುರ್ಲಭ. ಆದರೆ ಮೂವರ ಕೂಸುಗಳ ಹೊಟ್ಟೆಯ ಅಳತೆ ಒಂದೇ, ಅವುಗಳ ರಕ್ತಕ್ಕೆ ಬೇಕಾದ ಕಬ್ಬಿಣವೂ ಒಂದೇ.

2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸುವಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ದಾಟಿದ ಅದೇ ವಯೋಮಾನದ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯುಂಟು. ಇವು ಬಡವರ ಮಕ್ಕಳ ಲೆಕ್ಕ ಮಾತ್ರವೆಂದು ಯಾರೂ ತಿಳಿಯಬಾರದು. ಮೂವರಲ್ಲಿ ಇಬ್ಬರಿಗೆ ರಕ್ತವು ಕಡಮೆಯಾಗಿದೆಯೆಂದರೆ ಅನುಕೂಲಸ್ಥರ ಮನೆಯ ತೊಟ್ಟಿಲೂ ಅದರಲ್ಲಿ ಸೇರಿದೆ.

ಬಿಡಿಸುವುದಲ್ಲ, ಕೂಡಿಸುವುದು

ಕನ್ನಡದಲ್ಲಿ ನಾವು ಈ ಕಾಲವನ್ನು ‘ಹಾಲು ಬಿಡಿಸುವುದು’ ಎನ್ನುವ ವಾಡಿಕೆಯುಂಟು. ಈ ಮಾತಿನಿಂದ ಒಂದು ತಪ್ಪು ಗ್ರಹಿಕೆ ಹುಟ್ಟುವುದು. ಆರನೆಯ ತಿಂಗಳಲ್ಲಿ ಬಿಡಿಸತಕ್ಕದ್ದು ಏನೂ ಇಲ್ಲ. ಕೂಡಿಸತಕ್ಕದ್ದು ಮಾತ್ರ ಉಂಟು. ಎರಡು ವರ್ಷ ತುಂಬುವವರೆಗೆ, ಅದಕ್ಕೂ ಮೇಲೆ, ತಾಯಿಯ ಹಾಲನ್ನು ಕೊಡುತ್ತಲೇ ಅದರ ಜೊತೆಗೆ ಅನ್ನಾಹಾರವನ್ನು ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಉಪದೇಶ.

ಥಟ್ಟನೆ ಹಾಲು ಬಿಡಿಸಿ ಹಿಟ್ಟಿನ ಗಂಜಿಯನ್ನಷ್ಟೇ ಕೊಟ್ಟರೆ ಏನಾಗುವುದೆಂಬುದನ್ನು 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್ ಎಂಬ, ಈಗ ಘಾನಾ ಎನ್ನಿಸಿಕೊಳ್ಳುವ, ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯಳು ಕಂಡಳು. ಅಲ್ಲಿನ ಮಕ್ಕಳ ಮೈ ಊದಿಕೊಂಡು, ಚರ್ಮ ಸುಲಿದು, ಕೂದಲು ಬಣ್ಣಗೆಡುತ್ತಿತ್ತು. ಅಲ್ಲಿಯ ಜನರು ಅದಕ್ಕೆ ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಹಿಂದೆಯೇ ಇನ್ನೊಂದು ಮಗು ಹುಟ್ಟಿದಾಗ ತಾಯಿಯ ಎದೆಯಿಂದ ಸರಿಸಲ್ಪಟ್ಟ ಮಗುವಿಗೆ ಬರುವ ರೋಗವೆಂಬುದು ಅದರ ಭಾವ. 1935ರಲ್ಲಿ ಆಕೆ ಈ ಹೆಸರನ್ನೇ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದಳು. ಇಂದಿಗೂ ವೈದ್ಯರು ಅದನ್ನೇ ಬಳಸುವರು. ಓದುಬರಹವಿಲ್ಲದ ತಾಯಂದಿರು ರೋಗದ ಕಾರಣವನ್ನು ರೋಗದ ಹೆಸರಿನಲ್ಲಿಯೇ ಇಟ್ಟಿದ್ದರೆಂಬುದು ಯೋಚಿಸತಕ್ಕ ಸಂಗತಿ.

ಆರು ತಿಂಗಳೇ ಏಕೆ?

ಇದಕ್ಕೆ ಮೂರು ಕಾರಣಗಳುಂಟು. ಒಂದನೆಯದು ಶಕ್ತಿಯ ಲೆಕ್ಕ. ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಶಕ್ತಿ ಬೇಕು. ತಾಯಿಯ ಹಾಲಿನಿಂದ ಸುಮಾರು 400 ದೊರೆಯುವುದು. ಉಳಿದ 200 ಆಹಾರದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಈ ಕೊರತೆಯು 300ಕ್ಕೂ, ವರ್ಷ ತುಂಬಿದ ಮೇಲೆ 550ಕ್ಕೂ ಏರುವುದು.

ಎರಡನೆಯದು ಕಬ್ಬಿಣ. ತಿಂಗಳು ತುಂಬಿ ಹುಟ್ಟಿದ ಕೂಸು ತಾಯಿಯ ಗರ್ಭದಿಂದಲೇ ಕಬ್ಬಿಣದ ಒಂದು ಗಂಟನ್ನು ಕಟ್ಟಿಕೊಂಡು ಬರುವುದು. ತಾಯಿಯ ಹಾಲಿನಲ್ಲಿ ಕಬ್ಬಿಣವು ಬಹು ಸ್ವಲ್ಪ. ಆದುದರಿಂದ ಮೊದಲ ಆರು ತಿಂಗಳು ಕೂಸು ಈ ಗಂಟನ್ನೇ ಬಿಚ್ಚಿ ಖರ್ಚುಮಾಡುತ್ತದೆ. ಆರನೆಯ ತಿಂಗಳ ಹೊತ್ತಿಗೆ ಗಂಟು ಬರಿದಾಗುವುದು. ಆ ಮೇಲೆ ಬೇಕಾದ ಕಬ್ಬಿಣವೆಲ್ಲ ಹೆಚ್ಚುಕಡಮೆ ತುತ್ತಿನಿಂದಲೇ ಬರಬೇಕು. ತೂಕ ಕಡಮೆಯಿದ್ದು ಹುಟ್ಟಿದ ಕೂಸುಗಳ ಗಂಟು ಇನ್ನೂ ಚಿಕ್ಕದು. ಅವುಗಳಿಗೆ ವೈದ್ಯರ ಸಲಹೆಯು ಮೊದಲಿನಿಂದಲೇ ಬೇಕು.

ಮೂರನೆಯದು ಕೂಸಿನ ಶರೀರದ ಸಿದ್ಧತೆ. ನಾಲ್ಕು ತಿಂಗಳ ಕೂಸಿನ ಬಾಯಿಗೆ ಏನನ್ನಿಟ್ಟರೂ ನಾಲಗೆಯು ಅದನ್ನು ಹೊರಕ್ಕೆ ನೂಕುವುದು. ಆರನೆಯ ತಿಂಗಳ ಸುಮಾರಿಗೆ ಈ ಸ್ವಭಾವವು ಕುಂದಿ, ಕತ್ತು ನಿಂತು, ಆಸರೆ ಕೊಟ್ಟರೆ ಕೂಸು ಕುಳಿತುಕೊಳ್ಳುವುದು. ದೊಡ್ಡವರು ಉಣ್ಣುವುದನ್ನು ಕಂಡು ಕೈ ಚಾಚುವುದು. ಇದೇ ತಕ್ಕ ಕಾಲ. ಇದಕ್ಕೆ ಮುಂಚೆ ಕೊಟ್ಟರೆ ಭೇದಿಯ ಭಯ. ಬಹಳ ತಡಮಾಡಿದರೆ ರಕ್ತಹೀನತೆಯ ಭಯ.

ರಾಗಿಯ ಗುಣ, ರಾಗಿಯ ಮಿತಿ

ನಮ್ಮ ಸೀಮೆಯಲ್ಲಿ ಅಜ್ಜಿಯರು ಮೊದಲು ಕೊಡುತ್ತಿದ್ದುದು ರಾಗಿಯ ಸರಿ. ಅನ್ನಕ್ಕೂ ರಾಗಿಗೂ ಯಾವುದು ಮೇಲೆಂಬ ಜಗಳವನ್ನು ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಕಥೆಯಾಗಿಸಿದ್ದಾರೆ. ಕೂಸಿನ ತಟ್ಟೆಯಲ್ಲಿ ಎರಡಕ್ಕೂ ಸ್ಥಳವುಂಟು. ಆದರೆ ಮೂಳೆ ಬೆಳೆಯುವ ಕಾಲದಲ್ಲಿ ರಾಗಿಗೆ ಒಂದು ವಿಶೇಷವಿದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿಯಲ್ಲಾಗಲಿ ಗೋಧಿಯಲ್ಲಾಗಲಿ ಇದರ ಹತ್ತಿರಕ್ಕೂ ಬರುವಷ್ಟಿಲ್ಲ. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ನಮ್ಮ ದೇಶದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಸಾಧಿಸಿದ ಲಕ್ಷ್ಮಣಯ್ಯನವರು ಈ ಧಾನ್ಯದ ಫಸಲನ್ನು ಬಹುವಾಗಿ ಹೆಚ್ಚಿಸಿದರು.

ಆದರೂ ರಾಗಿಯೊಂದರಿಂದಲೇ ಎಲ್ಲವೂ ನಡೆಯುವುದೆಂದು ನಂಬಬಾರದು. ರಾಗಿಯಲ್ಲಿ ಕಬ್ಬಿಣವುಂಟು, ಆದರೆ ಅದರ ಸಿಪ್ಪೆಯಲ್ಲಿರುವ ಫೈಟಿಕ್ ಆಮ್ಲ ಮತ್ತು ಒಗರು ಪದಾರ್ಥಗಳು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಶರೀರಕ್ಕೆ ಸೇರಗೊಡುವುದಿಲ್ಲ. ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಹಿಟ್ಟನ್ನು ನೀರಿನಲ್ಲಿ ಬೇಯಿಸಿದರೆ ಗಂಜಿಯು ಬೇಗನೆ ಗಟ್ಟಿಯಾಗುವುದು. ಗಟ್ಟಿಯಾದುದನ್ನು ಕೂಸು ನುಂಗಲಾರದು; ತಾಯಿಯು ನೀರನ್ನು ಬೆರಸುವಳು; ನೀರು ಹೆಚ್ಚಿದಷ್ಟೂ ಸತ್ವ ಕಡಮೆಯಾಗುವುದು. ಕೂಸಿನ ಹೊಟ್ಟೆಯಾದರೋ ಅದರ ತೂಕದ ಕಿಲೋ ಒಂದಕ್ಕೆ ಸುಮಾರು 30 ಗ್ರಾಮಿನಂತೆ ಹಿಡಿಸತಕ್ಕದ್ದು. 7 ಕಿಲೋ ತೂಗುವ ಕೂಸಿಗೆ ಒಂದು ಹೊತ್ತಿಗೆ 200 ಗ್ರಾಂ. ಈ ಪುಟ್ಟ ಚೀಲವನ್ನು ನೀರಿನಿಂದ ತುಂಬಿಸಿದರೆ ಕೂಸಿನ ಹೊಟ್ಟೆ ತುಂಬಿದಂತೆ ಕಾಣುವುದು, ಅಳುವೂ ನಿಲ್ಲುವುದು. ಆದರೆ ಶರೀರವು ಹಸಿದೇ ಇರುವುದು. ಬೇಳೆಯ ಕಟ್ಟು, ಅನ್ನದ ತಿಳಿಗಂಜಿ, ಸಾರಿನ ತಿಳಿ ಇವುಗಳನ್ನು ಕುಡಿಸಿ ಮಗು ಚೆನ್ನಾಗಿ ಉಂಡಿತೆಂದು ತೃಪ್ತಿಪಡುವ ಮನೆಗಳಲ್ಲಿಯೂ ನಡೆಯುವುದು ಇದೇ. ಸತ್ವವೆಲ್ಲ ಪಾತ್ರೆಯ ತಳದಲ್ಲಿ ಉಳಿದಿರುವುದು.

ಮೊಳಕೆಯ ಉಪಾಯ

ಈ ತೊಡಕಿಗೆ ಪರಿಹಾರವು ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿಯೇ ಇತ್ತು. ಕಾಳನ್ನು ನೆನೆಹಾಕಿ ಮೊಳಕೆ ಬರಿಸಿದಾಗ ಅದರೊಳಗೆ ಅಮೈಲೇಸ್ ಎಂಬ ಜೀರ್ಣಕಾರಿ ವಸ್ತುವು ಹುಟ್ಟುವುದು. ಎಳೆಯ ಸಸಿಯು ತನ್ನ ಆಹಾರಕ್ಕಾಗಿ ಹಿಟ್ಟನ್ನು ಕರಗಿಸಿಕೊಳ್ಳುವ ಸಾಧನವೇ ಅದು. ಮೊಳಕೆಯ ಹಿಟ್ಟನ್ನು ಒಲೆಯ ಮೇಲಿಟ್ಟಾಗ ಈ ವಸ್ತುವು ಪಿಷ್ಟದ ಉದ್ದನೆಯ ಸರಪಣಿಗಳನ್ನು ತುಂಡುಮಾಡುವುದು. ಆದುದರಿಂದ ಗಂಜಿಯು ಗಟ್ಟಿಯಾಗುವುದಿಲ್ಲ. ಅದೇ ತೆಳುವಿನಲ್ಲಿ ಹೆಚ್ಚು ಹಿಟ್ಟನ್ನು ಹಿಡಿಸಬಹುದು. ಅಲ್ಲದೆ ಮೊಳಕೆಯಿಂದ ಫೈಟಿಕ್ ಆಮ್ಲವೂ ತಗ್ಗಿ ಕಬ್ಬಿಣವು ಸ್ವಲ್ಪ ಬಿಡುಗಡೆಯಾಗುವುದು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ಮೊಳಕೆಯ ರಾಗಿಯನ್ನೂ ಹೆಸರುಕಾಳನ್ನೂ ಸೇರಿಸಿ ಇಂಥ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಅಜ್ಜಿಯ ಅನುಭವಕ್ಕೆ ಪ್ರಯೋಗಶಾಲೆಯ ಸಾಕ್ಷಿಯು ಹೀಗೆ ದೊರೆಯಿತು.

ಗೃಹವಿಜ್ಞಾನದ ಪಾಠದಲ್ಲಿ ನಮ್ಮ ಹುಡುಗಿಯರಿಂದ ಇದನ್ನು ಮಾಡಿಸಿ ತೋರಿಸುವುದುಂಟು. ಎರಡು ಪಾತ್ರೆಗಳಲ್ಲಿ ಸಮನಾದ ನೀರು. ಒಂದಕ್ಕೆ ಸಾದಾ ರಾಗಿಹಿಟ್ಟು, ಇನ್ನೊಂದಕ್ಕೆ ಅದೇ ತೂಕದ ಮೊಳಕೆಯ ಹಿಟ್ಟು. ಎರಡನ್ನೂ ಒಂದೇ ಉರಿಯಲ್ಲಿ ಬೇಯಿಸಿದರೆ ಮೊದಲನೆಯದರಲ್ಲಿ ಚಮಚೆಯು ನಿಲ್ಲುವುದು. ಎರಡನೆಯದು ಚಮಚೆಯಿಂದ ಸುಲಭವಾಗಿ ಇಳಿಯುವುದು. ಪುಸ್ತಕದ ಹತ್ತು ಪುಟಗಳು ಹೇಳದುದನ್ನು ಈ ಎರಡು ಪಾತ್ರೆಗಳು ಹೇಳುವುವು.

ಹಿಟ್ಟನ್ನು ಮಾಡುವ ಕ್ರಮವು ಹೀಗೆ. ರಾಗಿ ಎರಡು ಪಾಲು, ಹೆಸರುಕಾಳು ಒಂದು ಪಾಲು ತೆಗೆದುಕೊಂಡು ಕಲ್ಲು ಮಣ್ಣು ಆರಿಸಿ, ಮೂರು ನಾಲ್ಕು ಸಲ ತೊಳೆದು, ಬೇರೆ ಬೇರೆಯಾಗಿ ರಾತ್ರಿಯೆಲ್ಲ ನೆನೆಹಾಕಬೇಕು. ಮರುದಿನ ನೀರು ಬಸಿದು ತೆಳುವಾದ ಶುಭ್ರ ಬಟ್ಟೆಯಲ್ಲಿ ಕಟ್ಟಿ, ಆಗಾಗ್ಗೆ ನೀರು ಚಿಮುಕಿಸುತ್ತ ಒಂದೆರಡು ದಿನ ಇಟ್ಟರೆ ಮೊಳಕೆ ಕಾಣುವುದು. ಹುಳಿವಾಸನೆಯಾಗಲಿ ಬೂಷ್ಟಾಗಲಿ ಕಂಡರೆ ಅದನ್ನು ಬಿಸಾಡಬೇಕು. ಮೊಳೆತ ಕಾಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಿಂದ ಉಜ್ಜಿ ಬೇರುಗಳನ್ನು ತೂರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಬೇಕು. ಕಪ್ಪಾಗುವಂತೆ ಹುರಿದರೆ ಮೊಳಕೆಯ ಶಕ್ತಿಯು ಸುಟ್ಟುಹೋಗುವುದು, ಮಾಡಿದ ಶ್ರಮವು ವ್ಯರ್ಥ. ಆ ಮೇಲೆ ಬೀಸಿ ಜರಡಿ ಹಿಡಿಯಬೇಕು. ಮೊದಲ ತಿಂಗಳು ಬಟ್ಟೆಯಲ್ಲಿ ಸೋಸಿದ ನಯವಾದ ಹಿಟ್ಟು ಸರಿ. ಆದರೆ ರಾಗಿಯ ಸುಣ್ಣವು ಹೆಚ್ಚಾಗಿ ಅದರ ಸಿಪ್ಪೆಯಲ್ಲಿಯೇ ಇರುವುದರಿಂದ ಕೂಸು ನುಂಗಲು ಕಲಿತ ಮೇಲೆ ಬಟ್ಟೆಯನ್ನು ಬಿಟ್ಟು ಜರಡಿಯನ್ನೇ ಹಿಡಿಯುವುದು ಮೇಲು.

ಮೂರು ದೊಡ್ಡ ಚಮಚೆಗಳಷ್ಟು, ಎಂದರೆ ಸುಮಾರು 30 ಗ್ರಾಂ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಿ, ಇಳಿಸುವಾಗ ಒಂದು ಸಣ್ಣ ಚಮಚೆ ತುಪ್ಪ ಹಾಕಬೇಕು. ಹಿಟ್ಟಿನಿಂದ ಸುಮಾರು 100, ತುಪ್ಪದಿಂದ 45, ಒಟ್ಟು 145 ಕಿಲೋಕ್ಯಾಲೊರಿ ದೊರೆಯುವುದು. ಮೊದಲ ದಿನಗಳಲ್ಲಿ ಕೂಸು ಇದರಲ್ಲಿ ಒಂದು ಪಾಲನ್ನಷ್ಟೇ ತಿನ್ನುವುದು. ಎಂಟನೆಯ ತಿಂಗಳ ಹೊತ್ತಿಗೆ ದಿನಕ್ಕೆ ಇಷ್ಟನ್ನು ಎರಡು ಹೊತ್ತಿಗೆ ಹಂಚಿ ತಿಂದು, ಜೊತೆಗೆ ಒಂದು ಹೊತ್ತು ಬೇಳೆ ಬೆರಸಿದ ಅನ್ನವನ್ನು ಉಂಡರೆ ಮೇಲೆ ಹೇಳಿದ 200ರ ಲೆಕ್ಕವು ಮುಗಿಯುವುದು. ದುಬಾರಿ ಡಬ್ಬಿಯ ಆಹಾರವಿಲ್ಲದೆಯೇ ಇದು ಸಾಧ್ಯ.

ಏನು, ಎಷ್ಟು, ಎಷ್ಟು ಸಲ

ಎಂಟು ವರ್ಗಗಳ ಆಹಾರವನ್ನು ವೈದ್ಯರು ಎಣಿಸುವರು: ತಾಯಿಯ ಹಾಲು, ಧಾನ್ಯ ಮತ್ತು ಗೆಡ್ಡೆಗಳು, ಬೇಳೆಕಾಳು ಮತ್ತು ಬೀಜಗಳು, ಹಾಲು ಮೊಸರು, ಮಾಂಸ ಮತ್ತು ಮೀನು, ಮೊಟ್ಟೆ, ಕಿತ್ತಳೆ ಬಣ್ಣದ ಹಾಗೂ ಹಸುರು ಸೊಪ್ಪು-ತರಕಾರಿ-ಹಣ್ಣುಗಳು, ಉಳಿದ ತರಕಾರಿ ಮತ್ತು ಹಣ್ಣುಗಳು. ಇವುಗಳಲ್ಲಿ ದಿನಕ್ಕೆ ಐದಾದರೂ ಕೂಸಿನ ಬಾಯಿಗೆ ಬೀಳಬೇಕು.

ಆರನೆಯ ತಿಂಗಳಲ್ಲಿ ಎರಡು ಮೂರು ದೊಡ್ಡ ಚಮಚೆಗಳಿಂದ ಆರಂಭಿಸಿ ದಿನಕ್ಕೆ ಎರಡು ಸಲ. ಎಂಟನೆಯ ತಿಂಗಳಿಗೆ 250 ಮಿಲಿಲೀಟರಿನ ಬಟ್ಟಲಿನ ಅರ್ಧದಷ್ಟು, ಎರಡು ಮೂರು ಸಲ. ಒಂಬತ್ತರಿಂದ ಹನ್ನೊಂದು ತಿಂಗಳು ಅರ್ಧ ಬಟ್ಟಲು, ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ಮೂರು ನಾಲ್ಕು ಸಲ. ಒಂಬತ್ತನೆಯ ತಿಂಗಳಿಂದ ನಡುನಡುವೆ ಒಂದೆರಡು ಸಲ ಬಾಳೆಹಣ್ಣೋ, ಮೊಸರೋ, ಮೆತ್ತನೆಯ ಇಡ್ಲಿಯ ಚೂರೋ ಇರಲಿ.

ಹೊಸ ಆಹಾರವನ್ನು ಒಂದೊಂದಾಗಿ ಕೊಡಬೇಕು. ಏಳನೆಯ ತಿಂಗಳಲ್ಲಿ ಅಕ್ಕಿ, ಹೆಸರುಬೇಳೆ, ಒಂದು ಹಿಡಿ ನುಗ್ಗೆಸೊಪ್ಪೋ ದಂಟಿನ ಸೊಪ್ಪೋ ಹಾಕಿ ಮೆತ್ತಗೆ ಬೇಯಿಸಿದ ಹುಗ್ಗಿ ಬಲು ಒಳ್ಳೆಯದು. ಕುಂಬಳಕಾಯಿ, ಗಜ್ಜರಿ, ಪರಂಗಿಹಣ್ಣುಗಳಿಂದ ಕಣ್ಣಿಗೆ ಬೇಕಾದ ಎ ಜೀವಸತ್ವ ದೊರೆಯುವುದು. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯನ್ನು ಬೇಯಿಸಿ ಮಸೆದು ಕೊಡಬಹುದು. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಅವುಗಳನ್ನು ಹಲ್ಲು ಬರುವವರೆಗೆ ತಡೆಯಬೇಕಾದುದೇನೂ ಇಲ್ಲ. ಚೆನ್ನಾಗಿ ಬೇಯಿಸಿ, ನುರಿದು, ಆರನೆಯ ತಿಂಗಳ ಬಳಿಕವೇ ಕೊಡಬಹುದು. ಕಬ್ಬಿಣವು ಇವುಗಳಿಂದ ಸುಲಭವಾಗಿ ಶರೀರಕ್ಕೆ ಸೇರುವುದು. ಶಾಕಾಹಾರಿಗಳು ಬೇಳೆ ಸೊಪ್ಪಿನ ತುತ್ತಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಲಿ, ಅಥವಾ ಟೊಮೇಟೊವನ್ನೋ ಸೀಬೆಹಣ್ಣಿನ ತಿರುಳನ್ನೋ ಜೊತೆಗೆ ಕೊಡಲಿ. ಇವುಗಳ ಸಿ ಜೀವಸತ್ವವು ಕಬ್ಬಿಣಕ್ಕೆ ದಾರಿ ಮಾಡಿಕೊಡುವುದು. ಇದಕ್ಕೆ ವ್ಯತಿರಿಕ್ತವಾಗಿ ಟೀಯು ಆ ದಾರಿಯನ್ನು ಮುಚ್ಚುವುದು. ಟೀಯಲ್ಲಿ ಬಿಸ್ಕತ್ತನ್ನು ನೆನೆಸಿ ಕೂಸಿನ ಬಾಯಿಗಿಡುವ ಅಭ್ಯಾಸವು ನಮ್ಮ ಸುತ್ತಲಿನ ವಠಾರಗಳಲ್ಲಿ ಬಹಳವಾಗಿದೆ. ಹಸಿವನ್ನು ಕೊಂದು ರಕ್ತವನ್ನು ಕುಂದಿಸುವ ಇದನ್ನು ಕೂಡಲೇ ಬಿಡತಕ್ಕದ್ದು.

ಎಂಟು ಒಂಬತ್ತನೆಯ ತಿಂಗಳಿಗೆ ನುಣ್ಣಗೆ ಅರೆಯುವುದನ್ನು ನಿಲ್ಲಿಸಬೇಕು. ಹತ್ತನೆಯ ತಿಂಗಳಾದರೂ ತರಿತರಿಯಾದ ತುತ್ತನ್ನು ಅರಿಯದ ಮಗು ಮುಂದೆ ಅಗಿಯುವುದಕ್ಕೆ ಹಟಮಾಡುವುದು. ವರ್ಷ ತುಂಬುವಾಗ ಮನೆಯವರ ಊಟವೇ ಮಗುವಿನ ಊಟವಾಗಬೇಕು. ಬಸ್ಸಾರಿಗೆ ಖಾರ ಹಾಕುವ ಮೊದಲು ಬೆಂದ ಸೊಪ್ಪನ್ನೂ ಕಾಳನ್ನೂ ಒಂದು ಬಟ್ಟಲು ಬೇರೆ ತೆಗೆದಿಟ್ಟರೆ ಬೇರೆ ಅಡಿಗೆಯೇ ಬೇಡ.

ಬಾರದ ಪದಾರ್ಥಗಳು ಕೆಲವುಂಟು. ವರ್ಷ ತುಂಬುವವರೆಗೆ ಜೇನುತುಪ್ಪ ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲದು. ಹಸುವಿನ ಹಾಲನ್ನು ಸರಿಯಲ್ಲಿ ಸ್ವಲ್ಪ ಬೆರಸಬಹುದು, ಮೊಸರಾಗಿ ಕೊಡಬಹುದು. ಆದರೆ ತಾಯಿಯ ಹಾಲಿಗೆ ಬದಲಾಗಿ ಕುಡಿಸಬಾರದು. ಸಕ್ಕರೆ, ಬೆಲ್ಲ, ಉಪ್ಪುಗಳನ್ನು ವರ್ಷದವರೆಗೆ ಸೇರಿಸದಿರುವುದೇ ಒಳ್ಳೆಯದು. ಕೂಸಿಗೆ ಸಪ್ಪೆಯೆಂಬುದೇ ತಿಳಿಯದು. ಇಡೀ ಕಡಲೆಕಾಯಿಬೀಜ, ಇಡೀ ದ್ರಾಕ್ಷಿ, ಹಸಿ ಗಜ್ಜರಿಯ ತುಂಡು, ಮೆಕ್ಕೆಜೋಳದ ಅರಳು ಇವು ಗಂಟಲಿನಲ್ಲಿ ಸಿಕ್ಕಿ ಉಸಿರು ಕಟ್ಟಿಸುವ ವಸ್ತುಗಳು.

ಊಟದ ಜೊತೆಗೆ ಸರ್ಕಾರವು ಕೊಡುವ ರಕ್ಷೆಗಳನ್ನೂ ಮರೆಯಬಾರದು. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ಪನ್ನು ಕುಡಿಸುವ ಏರ್ಪಾಡು ಇದೆ. ಒಂಬತ್ತನೆಯ ತಿಂಗಳಲ್ಲಿ ದಡಾರದ ಚುಚ್ಚುಮದ್ದಿನೊಡನೆ ಎ ಜೀವಸತ್ವದ ಮೊದಲನೆಯ ಗುಟುಕು ದೊರೆಯುವುದು. ಕರ್ನಾಟಕದಲ್ಲಿ 1975ರಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರವನ್ನು ಕೊಡುವರು, ತೂಕವನ್ನೂ ನೋಡುವರು. ಬೇರೆ ಜಿಲ್ಲೆಯಿಂದ ದುಡಿಯಲು ಬಂದ ತಾಯಿಯು ತನಗೆ ಇಲ್ಲಿ ಹಕ್ಕಿಲ್ಲವೆಂದು ಹಿಂಜರಿಯಬಾರದು. ತಾನಿರುವ ಊರಿನ ಅಂಗನವಾಡಿಗೆ ಹೋಗಿ ಕೂಸಿನ ಹೆಸರನ್ನು ಬರೆಸಿಕೊಳ್ಳಲಿ.

ರಜೆ ಮುಗಿಯುವ ವಾರ

ನಮ್ಮ ಊರಿಗೆ ವಿಶೇಷವಾದ ಒಂದು ಸಂಕಟವುಂಟು. 2017ರಲ್ಲಿ ಹೆರಿಗೆ ಸೌಲಭ್ಯ ಕಾನೂನು ತಿದ್ದುಪಡಿಯಾಗಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 26 ವಾರಗಳೆಂದರೆ ಸರಿಯಾಗಿ ಆರು ತಿಂಗಳು. ಹೀಗೆ ತಾಯಿಯು ಕೆಲಸಕ್ಕೆ ಮರಳುವ ವಾರವೂ ಕೂಸಿಗೆ ಮೊದಲ ತುತ್ತು ಕೊಡುವ ವಾರವೂ ಒಂದೇ ಆಗಿಬಿಡುತ್ತವೆ. ಅತ್ಯಂತ ಎಚ್ಚರವು ಬೇಕಾದ ದಿನಗಳಲ್ಲಿಯೇ ಉಣ್ಣಿಸುವ ಕೈ ಬದಲಾಗುವುದು. ಹೆರಿಗೆಗೆ ಮುಂಚೆ ಎಂಟು ವಾರಗಳ ರಜೆ ತೆಗೆದುಕೊಂಡವಳಾದರೋ ಕೂಸಿಗೆ ನಾಲ್ಕು ತಿಂಗಳಾಗುತ್ತಲೇ ಹೊರಡಬೇಕು. ಕಟ್ಟಡದ ಕೆಲಸದವಳಿಗಂತೂ ಎಷ್ಟೋ ವೇಳೆ ರಜೆಯೆಂಬುದೇ ಕೈಗೆ ಸಿಕ್ಕುವುದಿಲ್ಲ.

ಆದುದರಿಂದ ತಾಯಂದಿರು ಮೊದಲೇ ಯೋಚಿಸಬೇಕು. ಬೇಗನೆ ಹೊರಡುವವಳು ನಾಲ್ಕು ತಿಂಗಳಿಗೇ ಅನ್ನ ಹಿಡಿಸುವ ಬದಲು, ಶುದ್ಧವಾದ ಮುಚ್ಚಳದ ಪಾತ್ರೆಯಲ್ಲಿ ತನ್ನ ಹಾಲನ್ನು ಹಿಂಡಿಟ್ಟು ಹೋಗಲಿ. ತಂಪಾದ ಕೋಣೆಯಲ್ಲಿ ಅದು ನಾಲ್ಕು ಗಂಟೆಗಳ ಕಾಲ ಕೆಡದು. ಅದನ್ನು ಬಟ್ಟಲಿನಿಂದ ಕುಡಿಸಬೇಕು, ಬಾಟಲಿಯಿಂದಲ್ಲ. ಐವತ್ತು ಅಥವಾ ಅದಕ್ಕೆ ಮೇಲ್ಪಟ್ಟು ಕೆಲಸಗಾರರಿರುವ ಸಂಸ್ಥೆಯಲ್ಲಿ ಶಿಶುವಿಹಾರವಿರಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದೆಂದೂ ಕಾನೂನು ವಿಧಿಸಿದೆ. ಕೇಳಿ ಪಡೆಯುವುದರಲ್ಲಿ ಸಂಕೋಚವು ಬೇಡ. ಆರು ತಿಂಗಳಿಗೆ ಮರಳುವವಳು, ಉಣ್ಣಿಸತಕ್ಕ ಅಜ್ಜಿಗೋ ಆಯಾಗೋ ಅಕ್ಕನಿಗೋ ತಾನು ಎದುರಿಗಿದ್ದು ಎರಡು ವಾರವಾದರೂ ರೂಢಿಮಾಡಿಸಲಿ. ಹೊತ್ತು, ಅಳತೆ, ಬಾರದ ವಸ್ತುಗಳು ಇವನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಬೆಳಿಗ್ಗೆ ಹೊರಡುವ ಮುನ್ನ, ಸಂಜೆ ಬಂದೊಡನೆ, ರಾತ್ರಿಯಲ್ಲಿ ಎದೆಹಾಲು ಮುಂದುವರಿಯಲಿ.

ಹಾಲಿನ ಪುಡಿ, ಬಾಟಲಿ, ಡಬ್ಬಿಯ ಶಿಶು ಆಹಾರಗಳ ಜಾಹೀರಾತನ್ನು 1992ರ ಕಾನೂನೂ ಅದಕ್ಕೆ 2003ರಲ್ಲಿ ಆದ ತಿದ್ದುಪಡಿಯೂ ನಿಷೇಧಿಸಿವೆ. ಆದುದರಿಂದ ಯಾರಾದರೂ ಉಚಿತವಾಗಿ ಮಾದರಿ ಡಬ್ಬಿಯನ್ನು ಕೈಗಿತ್ತರೆ ಅದು ಉಪಕಾರವಲ್ಲವೆಂದು ತಿಳಿಯತಕ್ಕದ್ದು. ಅಂಗಡಿಯ ರಾಗಿ ಸರಿಯನ್ನು ಕೊಳ್ಳಬೇಕಾಗಿ ಬಂದವರು ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಸಕ್ಕರೆ ಸೇರಿಸದುದನ್ನು ಆರಿಸಲಿ.

ಉಣ್ಣಿಸುವ ವಿಧಾನ

ತುತ್ತಿನಲ್ಲಿ ಏನಿದೆಯೆಂಬುದರಷ್ಟೇ ಮುಖ್ಯವಾದುದು ಅದನ್ನು ಹೇಗೆ ಕೊಡುತ್ತೇವೆಂಬುದು. ಕೂಸನ್ನು ನೆಟ್ಟಗೆ ಕುಳ್ಳಿರಿಸಿ, ಅದರ ಮುಖವನ್ನು ನೋಡುತ್ತ, ಮಾತಾಡಿಸುತ್ತ ಉಣ್ಣಿಸಬೇಕು. ಕಾಲ ಮೇಲೆ ಮಲಗಿಸಿ ಮೂಗು ಹಿಡಿದು ಸುರಿಯುವುದು ಅಪಾಯಕರ. ಮೊಬೈಲಿನ ಬೊಂಬೆಯಾಟವನ್ನು ಕಣ್ಣಿಗೆ ಹಿಡಿದು, ಅರಿವಿಲ್ಲದಂತೆ ಬಾಯಿಗೆ ತುರುಕುವುದೂ ಸರಿಯಲ್ಲ. ಹಸಿವು ಯಾವುದು, ತೃಪ್ತಿ ಯಾವುದು ಎಂಬುದನ್ನು ಆ ಮಗು ಕಲಿಯುವುದೇ ಇಲ್ಲ. ಬಾಯಿ ತೆರೆದರೆ ಕೊಡಿರಿ; ಮುಖ ತಿರುಗಿಸಿದರೆ ನಿಲ್ಲಿಸಿರಿ. ಹೊಸ ರುಚಿಯನ್ನು ಉಗುಳಿದರೆ ಬೇಸರಪಡದೆ ಎರಡು ದಿನ ಬಿಟ್ಟು ಮತ್ತೆ ಕೊಡಿರಿ. ಎಂಟು ಹತ್ತು ಸಲ ಕೊಟ್ಟ ಮೇಲೆ ಒಪ್ಪಿಕೊಳ್ಳುವ ಕೂಸುಗಳು ಅನೇಕ. ಕೂಸಿಗೆ ತನ್ನದೇ ಆದ ಬಟ್ಟಲಿರಬೇಕು. ಅಣ್ಣ ಅಕ್ಕಂದಿರ ತಟ್ಟೆಯಲ್ಲಿ ಪಾಲು ಕೊಟ್ಟರೆ ಅದು ಎಷ್ಟು ತಿಂದಿತೆಂಬುದು ಯಾರಿಗೂ ತಿಳಿಯದು.

ಶುಚಿತ್ವವನ್ನು ಕುರಿತು ಎಷ್ಟು ಹೇಳಿದರೂ ಸಾಲದು. ನಮ್ಮ ಬಡಾವಣೆಗಳಲ್ಲಿ ಬಹುಮಂದಿಗೆ ನೀರು ಬರುವುದು ಟ್ಯಾಂಕರಿನಿಂದ. ಆ ನೀರನ್ನು ಬುಗ್ಗೆಯೇಳುವಂತೆ ಕುದಿಸಿ ಆರಿಸದೆ ಕೂಸಿಗೆ ಮುಟ್ಟಿಸಬಾರದು. ಉಣ್ಣಿಸುವವರ ಕೈಯನ್ನೂ ಕೂಸಿನ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು. ಬೆಳಿಗ್ಗೆ ಮಾಡಿದ ಸರಿಯನ್ನು ಸಂಜೆಯವರೆಗೆ ಹೊರಗಿಡುವುದು ಭೇದಿಗೆ ಆಹ್ವಾನ; ಎರಡು ಗಂಟೆಯೊಳಗೆ ಉಣ್ಣಿಸದೆ ಉಳಿದುದನ್ನು ಚೆಲ್ಲಿಬಿಡಬೇಕು.

ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದು ಆಹಾರವನ್ನು ನಿಲ್ಲಿಸುವ ಪದ್ಧತಿಯು ಬಹಳ ಕೇಡನ್ನು ಮಾಡಿದೆ. ಓ.ಆರ್.ಎಸ್. ದ್ರಾವಣವನ್ನು ಆಗಾಗ್ಗೆ ಕುಡಿಸುತ್ತ, ಎದೆಹಾಲನ್ನೂ ಮೆತ್ತನೆಯ ಅನ್ನವನ್ನೂ ಸ್ವಲ್ಪ ಸ್ವಲ್ಪವಾಗಿ ಮುಂದುವರಿಸಬೇಕು. ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚಾಗಿ ಉಣ್ಣಿಸಿದರೆ ಕಳೆದುಕೊಂಡ ತೂಕವು ಮರಳುವುದು. ಕಣ್ಣು ಗುಳಿಬಿದ್ದರೆ, ಕೂಸು ಹಾಲು ಕುಡಿಯಲಾರದಷ್ಟು ಬಳಲಿದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಎರಡು ತಿಂಗಳು ಒಂದೇ ಸಮನಾಗಿ ತೂಕವು ಏರದಿದ್ದರೆ, ಅಥವಾ ಮೇಲ್ತೋಳಿನ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಮೆಯಿದ್ದರೆ, ಅದೂ ತೀವ್ರವಾದ ಎಚ್ಚರಿಕೆಯೇ.

ನಮ್ಮ ವಿದ್ಯಾರ್ಥಿನಿಯರಿಗೆ

ಇಷ್ಟನ್ನು ಓದಿದ ಹುಡುಗಿಯು ಮನೆಯಲ್ಲಿ ಅಜ್ಜಿಯನ್ನು ತಿದ್ದಲು ಹೊರಡಬಾರದು. ಮೊಳಕೆಯ ವಿದ್ಯೆಯನ್ನು ನಮಗೆ ಉಳಿಸಿಕೊಟ್ಟವರು ಅವರೇ ಎಂಬುದನ್ನು ನೆನಪಿನಲ್ಲಿಡಬೇಕು. ಅವರೊಡನೆ ಕುಳಿತು ಕೇಳಿ ಕಲಿತುಕೊಳ್ಳಿರಿ. ಅವರು ಅರಿಯದ ಕಬ್ಬಿಣದ ಮಾತನ್ನೂ ನಿಂಬೆಯ ಮಾತನ್ನೂ ನಯವಾಗಿ ಕೂಡಿಸಿರಿ. ಬೇಸಗೆಯ ರಜೆ ಬರುತ್ತಲಿದೆ. ಆ ದಿನಗಳ ಬಿಸಿಲಿನಲ್ಲಿ ಮೊಳೆತ ರಾಗಿಯು ಬೇಗನೆ ಒಣಗುವುದು. ಪ್ರತಿಯೊಬ್ಬಳೂ ಒಂದು ಸೇರು ಹಿಟ್ಟನ್ನು ಮಾಡಿ, ಎಳೆಯ ಕೂಸಿರುವ ಒಂದು ಮನೆಗೆ ಕೊಟ್ಟು, ಮಾಡುವ ಕ್ರಮವನ್ನೂ ಹೇಳಿ ಬರಲಿ. ಎದುರಿನ ಶೆಡ್ಡಿನಲ್ಲಿ ಅಂಥ ಕೂಸು ಇದ್ದರೆ ಮೊದಲು ಅಲ್ಲಿಗೇ ಹೋಗಲಿ. ಶಾಲೆ ತೆರೆದ ಮೇಲೆ ಆ ಕೂಸಿನ ತೂಕವು ಎಷ್ಟು ಏರಿತೆಂದು ನಾವು ಒಬ್ಬೊಬ್ಬರನ್ನೂ ಕೇಳುವೆವು.